ಯಾರ ಖಾತೆ, ಯಾರ ಮಂತ್ರಿ?

ಹೋದ ಸಂಚಿಕೆಯಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯವನ್ನು 2011ರಿಂದ 2023ರವರೆಗೆ ಆಳಿದ ಲಿಬರಲ್–ನ್ಯಾಷನಲ್ ಮೈತ್ರಿ ಸರ್ಕಾರದ ಬಗ್ಗೆ ಒಂದು ಪುಟ ಬರೆದಿದ್ದೆ. ಹನ್ನೆರಡು ವರ್ಷಗಳಲ್ಲಿ ನಾಲ್ವರು ಪ್ರೀಮಿಯರ್‌ಗಳು, ಅಂದರೆ ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿಗಳು. ನಾಲ್ವರು ಉಪ ಪ್ರೀಮಿಯರ್‌ಗಳು. ನಡುನಡುವೆ ಸಂಪುಟ ಪುನಾರಚನೆ. ನಗರದ ಪಕ್ಷ ಲಿಬರಲ್, ಹಳ್ಳಿಗಾಡಿನ ಪಕ್ಷ ನ್ಯಾಷನಲ್ ಎಂದು ಸ್ಥೂಲವಾಗಿ ಹೇಳಿದ್ದೆ. ಅದನ್ನು ಓದಿ ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನೆಲ್ಲ ಮೀಸಲಿಟ್ಟಿದ್ದೇನೆ.

ನಾನು ರಾಜಕೀಯ ವರದಿಗಾರನಲ್ಲ. ಆ ರಾಜ್ಯದ ಕೃಷಿ ಇಲಾಖೆಯಲ್ಲಿ ಮಣ್ಣಿನ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಲಾಖೆಯ ಮುಖ್ಯ ಕಚೇರಿ ಇರುವುದು ಸಿಡ್ನಿಯಲ್ಲಲ್ಲ, ಬ್ಲೂ ಮೌಂಟನ್ಸ್ ದಾಟಿ ಪಶ್ಚಿಮಕ್ಕೆ ಹೋದರೆ ಸಿಗುವ ಆರೆಂಜ್ ಊರಿನಲ್ಲಿ. ಸೇಬು, ಚೆರ್ರಿ, ದ್ರಾಕ್ಷಿ ತೋಟಗಳ ಊರು. ಸಿಡ್ನಿಯಲ್ಲಿ ಮಂತ್ರಿ ಬದಲಾದರೆ ಇಲ್ಲಿ ನಮ್ಮ ಕಡತಗಳ ದಿಕ್ಕು ಬದಲಾಗುತ್ತಿತ್ತು. ಆದ್ದರಿಂದ ಮಂತ್ರಿ ಯಾರು ಎನ್ನುವುದಕ್ಕಿಂತ ಖಾತೆ ಯಾವ ಪಕ್ಷದ ಕೈಯಲ್ಲಿದೆ ಎನ್ನುವುದನ್ನೇ ನಾನು ಮೊದಲು ನೋಡುತ್ತಿದ್ದೆ. ಈಗಲೂ ಅದೇ ಅಭ್ಯಾಸ.

ಪ್ರಶ್ನೆ: ಸಂಪುಟದಲ್ಲಿ ಯಾರಿರಬೇಕು ಎಂದು ತೀರ್ಮಾನಿಸುವುದು ಪ್ರೀಮಿಯರ್ ಅಲ್ಲವೇ? ಹಾಗಿದ್ದ ಮೇಲೆ ನ್ಯಾಷನಲ್ ಪಕ್ಷದ ಮಂತ್ರಿಯನ್ನು ಅವರೇಕೆ ತೆಗೆಯಲಾರರು?
— ತುಮಕೂರಿನ ರಾಜ್ಯಶಾಸ್ತ್ರ ಉಪನ್ಯಾಸಕರು

ಉತ್ತರ: ಕಾಗದದ ಮೇಲೆ ತೆಗೆಯಬಹುದು ಸರ್. ಮಂತ್ರಿಗಳನ್ನು ನೇಮಿಸುವವರು ರಾಜ್ಯಪಾಲರು, ಅವರಿಗೆ ಸಲಹೆ ಕೊಡುವವರು ಪ್ರೀಮಿಯರ್. ಆದರೆ ಮೈತ್ರಿಯ ರೂಢಿ ಬೇರೆ. ನ್ಯಾಷನಲ್ ಪಕ್ಷಕ್ಕೆ ಎಷ್ಟು ಸ್ಥಾನ, ಯಾವ ಖಾತೆಗಳು ಎನ್ನುವುದು ಎರಡೂ ನಾಯಕರ ಮಾತುಕತೆಯಲ್ಲಿ ತೀರ್ಮಾನವಾಗುತ್ತದೆ. ಆ ಸ್ಥಾನಗಳಲ್ಲಿ ಯಾರು ಕೂರಬೇಕು ಎನ್ನುವುದನ್ನು ನ್ಯಾಷನಲ್ ನಾಯಕರೊಬ್ಬರೇ ಹೇಳುತ್ತಾರೆ. ಪ್ರೀಮಿಯರ್ ಆ ಪಟ್ಟಿಯನ್ನು ರಾಜ್ಯಪಾಲರಿಗೆ ತಲುಪಿಸುತ್ತಾರೆ, ಅಷ್ಟೇ. ನ್ಯಾಷನಲ್ ನಾಯಕರೇ ಉಪ ಪ್ರೀಮಿಯರ್ ಆಗುವುದೂ ಇದೇ ರೂಢಿಯ ಭಾಗ.

2011ರ ಮಾರ್ಚ್ ಚುನಾವಣೆಯನ್ನು ನೋಡಿ. ಕೆಳಮನೆಯ 93 ಸ್ಥಾನಗಳಲ್ಲಿ ಮೈತ್ರಿಗೆ 69 ಬಂದವು: ಲಿಬರಲ್ 51, ನ್ಯಾಷನಲ್ 18. ಬಹುಮತಕ್ಕೆ ಬೇಕಾದದ್ದು 47. ಎಂದರೆ ಬ್ಯಾರಿ ಒ'ಫ್ಯಾರೆಲ್ ಅವರ ಲಿಬರಲ್ ಪಕ್ಷ ಒಂಟಿಯಾಗಿಯೇ ಸರ್ಕಾರ ನಡೆಸಬಹುದಿತ್ತು. ಆದರೂ 22 ಜನರ ಸಂಪುಟದಲ್ಲಿ ಏಳು ಸ್ಥಾನ ನ್ಯಾಷನಲ್ ಪಕ್ಷಕ್ಕೆ ಹೋಯಿತು. ಆಂಡ್ರ್ಯೂ ಸ್ಟೋನರ್ ಉಪ ಪ್ರೀಮಿಯರ್. ಏಡ್ರಿಯನ್ ಪಿಕೊಲಿ ಶಿಕ್ಷಣ, ಡಂಕನ್ ಗೇ ರಸ್ತೆ ಮತ್ತು ಬಂದರು, ಕ್ಯಾಟ್ರಿನಾ ಹಾಜ್‌ಕಿನ್ಸನ್ ಅವರಿಗೆ ಕೃಷಿಯೂ ಸೇರಿದ ಪ್ರಾಥಮಿಕ ಉದ್ಯಮ ಖಾತೆ. ಡಾನ್ ಪೇಜ್, ಕೆವಿನ್ ಹಂಫ್ರೀಸ್, ಜಾರ್ಜ್ ಸೂರಿಸ್ ಉಳಿದ ಮೂವರು. ಖಜಾನೆ ಮೈಕ್ ಬೇರ್ಡ್ ಅವರಿಗೆ, ಸಾರಿಗೆ ಗ್ಲ್ಯಾಡಿಸ್ ಬೆರೆಜಿಕ್ಲಿಯನ್ ಅವರಿಗೆ, ಆರೋಗ್ಯ ಜಿಲಿಯನ್ ಸ್ಕಿನ್ನರ್ ಅವರಿಗೆ. ಈ ಮೂವರೂ ಲಿಬರಲ್.

ಬೇಕಿಲ್ಲದಿದ್ದಾಗಲೂ ಜೊತೆಗಿಟ್ಟುಕೊಂಡದ್ದು ಔದಾರ್ಯದಿಂದಲ್ಲ. ಮುಂದಿನ ಚುನಾವಣೆ ನಾಲ್ಕೇ ವರ್ಷದಾಚೆ ಇತ್ತು. ಅಲ್ಲಿ ಸದನದ ಅವಧಿ ನಿಗದಿಯಾದದ್ದು, ಪ್ರತಿ ನಾಲ್ಕನೇ ವರ್ಷದ ಮಾರ್ಚ್ ತಿಂಗಳ ನಾಲ್ಕನೇ ಶನಿವಾರ ಮತದಾನ. 2015ರಲ್ಲಿ ಮೈತ್ರಿ 54ಕ್ಕೆ ಇಳಿಯಿತು, ಅದರಲ್ಲಿ ಲಿಬರಲ್ 37. 2019ರಲ್ಲಿ 48, ಲಿಬರಲ್ 35. ಬಹುಮತದ ಗೆರೆಯ ಮೇಲೆ ಒಂದೇ ಒಂದು ಸ್ಥಾನ. 2011ರಲ್ಲಿ ಗೆಳೆಯರನ್ನು ಹೊರಗಿಟ್ಟಿದ್ದರೆ 2019ರಲ್ಲಿ ಯಾರ ಮನೆ ಬಾಗಿಲು ತಟ್ಟಬೇಕಿತ್ತು?

ಪ್ರಶ್ನೆ: ಪ್ರೀಮಿಯರ್ ರಾಜೀನಾಮೆ ಕೊಟ್ಟಾಗ ಉಪ ಪ್ರೀಮಿಯರ್ ಆ ಕುರ್ಚಿಗೆ ಬರುವುದಿಲ್ಲವೇ? ಒ'ಫ್ಯಾರೆಲ್ ಅವರು ಒಂದು ವೈನ್ ಬಾಟಲಿಗಾಗಿ ಹುದ್ದೆ ಬಿಟ್ಟರು ಎನ್ನುವುದು ನಿಜವೇ?
— ಮಂಗಳೂರಿನಿಂದ ನಿವೃತ್ತ ಬ್ಯಾಂಕ್ ಅಧಿಕಾರಿ

ಉತ್ತರ: ಮೊದಲು ಬಾಟಲಿಯ ವಿಷಯ. 2011ರ ಗೆಲುವಿನ ನಂತರ ಅವರಿಗೆ 1959ರ ಪೆನ್‌ಫೋಲ್ಡ್ಸ್ ಗ್ರೇಂಜ್ ವೈನ್ ಒಂದು ಉಡುಗೊರೆಯಾಗಿ ಬಂದಿತ್ತು, ಬೆಲೆ ಸುಮಾರು 3,000 ಡಾಲರ್. ಕಳಿಸಿದವರು ಒಂದು ನೀರು ಸರಬರಾಜು ಕಂಪನಿಯ ಮುಖ್ಯಸ್ಥರು. ರಾಜ್ಯದ ಭ್ರಷ್ಟಾಚಾರ ತಡೆ ಆಯೋಗ, ಎಲ್ಲರೂ ಐಕ್ಯಾಕ್ ಎಂದು ಕರೆಯುವುದು, ವಿಚಾರಣೆಯಲ್ಲಿ ಕೇಳಿದಾಗ ಅಂಥದ್ದೊಂದು ಬಂದ ನೆನಪಿಲ್ಲ ಎಂದು ಒ'ಫ್ಯಾರೆಲ್ ಪ್ರಮಾಣ ಮಾಡಿ ಹೇಳಿದರು. ಮರುದಿನ ಅವರದೇ ಕೈಬರಹದ ಧನ್ಯವಾದ ಪತ್ರ ಆಯೋಗದ ಮುಂದೆ ಬಂತು. 2014ರ ಏಪ್ರಿಲ್ 16ರಂದು ಅವರು ರಾಜೀನಾಮೆ ಘೋಷಿಸಿದರು. ಆಯೋಗ ಅವರನ್ನು ಭ್ರಷ್ಟರೆಂದು ಹೇಳಲಿಲ್ಲ. ತಪ್ಪು ಹೇಳಿಕೆ ಕೊಟ್ಟೆ ಎಂದು ಅವರು ತಾವೇ ಹೊಣೆ ಹೊತ್ತು ಹೋದರು. ಆ ನಡೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಇದೇ ಒ'ಫ್ಯಾರೆಲ್ 2020ರಲ್ಲಿ ಆಸ್ಟ್ರೇಲಿಯಾದ ಹೈಕಮಿಷನರ್ ಆಗಿ ದೆಹಲಿಗೆ ಬಂದವರು. ನಿಮ್ಮಲ್ಲಿ ಕೆಲವರಿಗೆ ಆ ಹೆಸರು ಪತ್ರಿಕೆಗಳಲ್ಲಿ ಕಂಡಿರಬಹುದು.

ಇನ್ನು ಕುರ್ಚಿಯ ವಿಷಯ. ಅಂದು ಉಪ ಪ್ರೀಮಿಯರ್ ಸ್ಟೋನರ್ ಇದ್ದರು. ಆದರೆ ಮರುದಿನ ಪ್ರೀಮಿಯರ್ ಆದವರು ಖಜಾನೆ ಮಂತ್ರಿ ಬೇರ್ಡ್. ಕಾರಣ ಸರಳ: ಪ್ರೀಮಿಯರ್ ಹುದ್ದೆ ಲಿಬರಲ್ ಪಕ್ಷದ ಪಾಲು, ಉಪ ಪ್ರೀಮಿಯರ್ ಹುದ್ದೆ ನ್ಯಾಷನಲ್ ಪಾಲು. ಪ್ರೀಮಿಯರ್ ಊರಲ್ಲಿಲ್ಲದಾಗ ಉಪ ಪ್ರೀಮಿಯರ್ ಅವರ ಕೆಲಸ ನೋಡಿಕೊಳ್ಳುತ್ತಾರೆ. ಹುದ್ದೆ ತೆರವಾದರೆ ಮಾತ್ರ ಲಿಬರಲ್ ಶಾಸಕರು ಸಭೆ ಸೇರಿ ತಮ್ಮ ನಾಯಕರನ್ನು ಆರಿಸುತ್ತಾರೆ.

ಇದು ಕಣ್ಣಿಗೆ ಕಟ್ಟುವಂತೆ ಕಂಡದ್ದು 2021ರ ಅಕ್ಟೋಬರ್‌ನಲ್ಲಿ. 1ನೇ ತಾರೀಖು ಬೆರೆಜಿಕ್ಲಿಯನ್ ರಾಜೀನಾಮೆ ಘೋಷಿಸಿದರು. ಐಕ್ಯಾಕ್ ತಮ್ಮ ಮೇಲೆ ತನಿಖೆ ನಡೆಸುತ್ತಿದೆ ಎಂದು ಪ್ರಕಟಿಸಿದ ದಿನವೇ. 3ರಂದು ಸಾರಿಗೆ ಮಂತ್ರಿ ಆಂಡ್ರ್ಯೂ ಕಾನ್ಸ್‌ಟನ್ಸ್. 4ರಂದು ಉಪ ಪ್ರೀಮಿಯರ್ ಜಾನ್ ಬರಿಲಾರೊ. 5ರಂದು ಲಿಬರಲ್ ಶಾಸಕರು ರಾಬ್ ಸ್ಟೋಕ್ಸ್ ಅವರಿಗೆದುರಾಗಿ 39–5 ಮತಗಳಿಂದ ಡೊಮಿನಿಕ್ ಪೆರೊಟೆ ಅವರನ್ನು ಆರಿಸಿದರು. 6ರಂದು ನ್ಯಾಷನಲ್ ಶಾಸಕರು ತಮ್ಮದೇ ಸಭೆಯಲ್ಲಿ ಪಾಲ್ ಟೂಲ್ ಅವರನ್ನು ಆರಿಸಿದರು. ಮತದಾರರ ಮುಂದೆ ಹೋಗದೆ ಸರ್ಕಾರದ ತುದಿಯ ಎರಡೂ ಹುದ್ದೆಗಳು ಒಂದೇ ವಾರದಲ್ಲಿ ಬದಲಾದವು, ಒಂದು ಪಕ್ಷ ಇನ್ನೊಂದನ್ನು ಕೇಳಲಿಲ್ಲ.

ಪ್ರಶ್ನೆ: ಒಳ್ಳೆಯ ಕೆಲಸ ಮಾಡಿದ ಶಿಕ್ಷಣ ಮಂತ್ರಿಯನ್ನು 2017ರಲ್ಲಿ ಕೈಬಿಟ್ಟರು ಎಂದು ಬರೆದಿದ್ದಿರಿ. ಕಾರಣ ಹೇಳಲಿಲ್ಲ.
— ಶಿರಸಿಯ ಪ್ರೌಢಶಾಲಾ ಶಿಕ್ಷಕಿ

ಉತ್ತರ: ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ ಮೇಡಂ, ಏಕೆಂದರೆ ಆ ಕಥೆ ಶುರುವಾದದ್ದು ನಾನು ಮತ ಹಾಕುವ ಊರಿನಲ್ಲೇ.

ಪಿಕೊಲಿ ನೀರಾವರಿ ಸೀಮೆಯಿಂದ ಬಂದವರು, ಗ್ರಿಫಿತ್ ಊರಿನ ಕಡೆಯವರು. 2011ರಿಂದ ಶಿಕ್ಷಣ ಖಾತೆ ಅವರದು. ಅಗತ್ಯ ಹೆಚ್ಚಿರುವ ಶಾಲೆಗೆ ಹೆಚ್ಚು ಹಣ ಎಂಬ ಗೋನ್‌ಸ್ಕಿ ಯೋಜನೆಗೆ ದೇಶದಲ್ಲೇ ಮೊದಲು ಸಹಿ ಹಾಕಿದ ರಾಜ್ಯ ನ್ಯೂ ಸೌತ್ ವೇಲ್ಸ್, 2013ರ ಏಪ್ರಿಲ್‌ನಲ್ಲಿ. ಕೇಂದ್ರದಲ್ಲಿ ಆಗ ಇದ್ದದ್ದು ಜೂಲಿಯಾ ಗಿಲಾರ್ಡ್ ಅವರ ಲೇಬರ್ ಸರ್ಕಾರ. ಎದುರು ಪಕ್ಷದ ಯೋಜನೆ ಎಂದು ದೂರ ತಳ್ಳದೆ ಒಪ್ಪಿದ್ದು ಸಣ್ಣ ಮಾತಲ್ಲ. ಹಳ್ಳಿಗಾಡಿನ ಸರ್ಕಾರಿ ಶಾಲೆಗಳಿಗೆ ಅದರ ಲಾಭ ಏನೆಂದು ಗ್ರಿಫಿತ್ ಸೀಮೆಯ ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅತ್ತ 2016ರಲ್ಲಿ ಬೇರ್ಡ್ ಸರ್ಕಾರ ಎರಡು ಕೆಲಸಕ್ಕೆ ಕೈಹಾಕಿತು. ಒಂದು, ಪುರಸಭೆಗಳ ಬಲವಂತದ ವಿಲೀನ. ನಮ್ಮ ಆರೆಂಜನ್ನು ಪಕ್ಕದ ಕ್ಯಾಬೊನ್, ಬ್ಲೇನಿ ಕೌನ್ಸಿಲ್‌ಗಳ ಜೊತೆ ಸೇರಿಸುವ ಪ್ರಸ್ತಾಪ. ಇನ್ನೊಂದು, ಗ್ರೇಹೌಂಡ್ ನಾಯಿ ಓಟದ ನಿಷೇಧ. ಜುಲೈನಲ್ಲಿ ಘೋಷಿಸಿ, ಸದನದಲ್ಲಿ ಮಸೂದೆಯನ್ನೂ ಪಾಸು ಮಾಡಿಸಿ, ಅಕ್ಟೋಬರ್‌ನಲ್ಲಿ ಹಿಂತೆಗೆದುಕೊಂಡರು. ಇವೆರಡೂ ಸಿಡ್ನಿಯಲ್ಲಿ ಕುಳಿತವರ ತೀರ್ಮಾನ ಎಂದು ಹಳ್ಳಿ ಜನ ನಂಬಿದರು. ತಮ್ಮದೇ ನ್ಯಾಷನಲ್ ಮಂತ್ರಿಗಳು ಸಂಪುಟದಲ್ಲಿ ಕುಳಿತು ತಲೆಯಾಡಿಸಿದ್ದಾರೆ ಎನ್ನುವುದು ಅದಕ್ಕಿಂತ ಹೆಚ್ಚು ಸಿಟ್ಟು ತರಿಸಿತು. ಉಪ ಪ್ರೀಮಿಯರ್ ಟ್ರಾಯ್ ಗ್ರಾಂಟ್ ಅವರ ಕೈಯಲ್ಲಿದ್ದ ಖಾತೆಗಳಲ್ಲಿ ಓಟದ ಪಂದ್ಯಗಳ ಖಾತೆಯೂ ಒಂದು. ನಾಯಿ ಓಟದ ಕ್ರೌರ್ಯ ನಿಜ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಯಾರ ಹತ್ತಿರವೂ ಮಾತಾಡದೆ ಒಂದು ಬೆಳಗ್ಗೆ ಘೋಷಿಸಿದ ರೀತಿ ಆ ನಿಷೇಧವನ್ನೇ ಕೊಂದಿತು.

ನಮ್ಮ ಶಾಸಕರು ಫೆಡರಲ್ ಸಂಸತ್ತಿಗೆ ಹೋಗಿದ್ದರಿಂದ ನವೆಂಬರ್ 12ರಂದು ಆರೆಂಜ್‌ನಲ್ಲಿ ಉಪಚುನಾವಣೆ ನಡೆಯಿತು. 1947ರಿಂದ ಬಿಡದೆ ನ್ಯಾಷನಲ್ ಹಿಡಿದಿದ್ದ ಕ್ಷೇತ್ರ. ಅಂದು ಶಾಲೆಯ ಅಂಗಳದ ಮತಗಟ್ಟೆಯಲ್ಲಿ ಸಾಲು ನಿಂತಾಗ ನನ್ನ ಮುಂದಿದ್ದ ಕುರಿ ಸಾಕುವ ಹಿರಿಯರೊಬ್ಬರು, ಅವರ ಅಪ್ಪನ ಕಾಲದಿಂದ ಹಾಕುತ್ತಿದ್ದ ಮತವನ್ನು ಈ ಸಲ ಹಾಕುವುದಿಲ್ಲ ಎಂದು ಪಕ್ಷದ ಕಾರ್ಯಕರ್ತನ ಕೈಯಿಂದ ಚೀಟಿಯನ್ನೇ ತೆಗೆದುಕೊಳ್ಳದೆ ಒಳಗೆ ಹೋದರು. ಎಣಿಕೆ ದಿನಗಟ್ಟಲೆ ನಡೆದು, ಶೂಟರ್ಸ್, ಫಿಷರ್ಸ್ ಅಂಡ್ ಫಾರ್ಮರ್ಸ್ ಪಕ್ಷದ ಫಿಲಿಪ್ ಡೊನಾಟೊ 50 ಮತಗಳಿಂದ ಗೆದ್ದರು. ಎಣಿಕೆ ಮುಗಿಯುವ ಮೊದಲೇ ಗ್ರಾಂಟ್ ನಾಯಕತ್ವ ಬಿಟ್ಟಾಗಿತ್ತು. ಬರಿಲಾರೊ ಬಂದರು.

2017ರ ಜನವರಿಯಲ್ಲಿ ಬೇರ್ಡ್ ಕೂಡ ಹೊರಟರು, ಬೆರೆಜಿಕ್ಲಿಯನ್ ಅವಿರೋಧವಾಗಿ ಪ್ರೀಮಿಯರ್ ಆದರು. ತಿಂಗಳ ಕೊನೆಗೆ ಹೊಸ ಸಂಪುಟ. ಪೆರೊಟೆಗೆ ಖಜಾನೆ, ಬ್ರಾಡ್ ಹಜಾರ್ಡ್ ಅವರಿಗೆ ಆರೋಗ್ಯ. ನ್ಯಾಷನಲ್ ಕಡೆಯಿಂದ ಬರಿಲಾರೊ ತಮ್ಮ ಪಕ್ಷದ ಮುಖಗಳನ್ನು ಬದಲಿಸಿದರು, ಪಿಕೊಲಿ ಹೊರಗುಳಿದರು. ಶಿಕ್ಷಣ ಖಾತೆ ಲಿಬರಲ್ ಪಕ್ಷದ ಸ್ಟೋಕ್ಸ್ ಅವರಿಗೆ ಹೋಯಿತು. ಪ್ರಾದೇಶಿಕ ನ್ಯೂ ಸೌತ್ ವೇಲ್ಸ್ ಎಂಬ ಖಾತೆಯನ್ನು ಬರಿಲಾರೊ ಹಿಡಿದರು. ಆರೆಂಜ್‌ನಲ್ಲಿ ಸೋತ ಪಕ್ಷಕ್ಕೆ ಹಳ್ಳಿಯ ಹೆಸರನ್ನೇ ಹೊತ್ತ ಖಾತೆಯೊಂದು ಬೇಕಿತ್ತು. ಅದಕ್ಕಾಗಿ ಶಾಲೆಗಳನ್ನು ಬಿಟ್ಟುಕೊಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಹಳ್ಳಿಗೆ ಶಾಲೆಗಿಂತ ದೊಡ್ಡ ಖಾತೆ ಯಾವುದಿದೆ?

ಹೊಸ ಸಂಪುಟ ಬಂದ ಮೇಲೆ ಫೆಬ್ರವರಿಯಲ್ಲಿ ನಮ್ಮ ವಿಲೀನದ ಪ್ರಸ್ತಾಪ ರದ್ದಾಯಿತು. ಪಿಕೊಲಿ ಅದೇ ವರ್ಷ ಶಾಸಕತ್ವಕ್ಕೂ ರಾಜೀನಾಮೆ ಕೊಟ್ಟರು. ಅವರ ಮರ್ರಿ ಕ್ಷೇತ್ರವನ್ನು ನ್ಯಾಷನಲ್ ಉಪಚುನಾವಣೆಯಲ್ಲಿ ಕಷ್ಟಪಟ್ಟು ಉಳಿಸಿಕೊಂಡಿತು, 2019ರಲ್ಲಿ ಶೂಟರ್ಸ್ ಪಕ್ಷದ ಹೆಲೆನ್ ಡಾಲ್ಟನ್ ಅವರಿಗೆ ಕಳೆದುಕೊಂಡಿತು. 2019ರ ಸಂಪುಟದಲ್ಲಿ ಶಿಕ್ಷಣ ಮತ್ತೆ ನ್ಯಾಷನಲ್ ಕೈಗೆ ಬಂತು, ಸಾರಾ ಮಿಚೆಲ್ ಮಂತ್ರಿ.

ಪ್ರಶ್ನೆ: ಕೋಆಲಾ ಎಂಬ ಪ್ರಾಣಿಗಾಗಿ ಸರ್ಕಾರ ಬೀಳುವ ಹಂತಕ್ಕೆ ಹೋಗಿತ್ತು ಎಂದಿರಿ. ನಂಬುವುದು ಕಷ್ಟ.
— ಹಾಸನದ ಕಾಫಿ ಬೆಳೆಗಾರರು

ಉತ್ತರ: ನೀವು ಜಮೀನು ಇರುವವರು, ಆದ್ದರಿಂದ ನಿಮಗೆ ಬೇಗ ಅರ್ಥವಾಗುತ್ತದೆ. ಕೋಆಲಾಗಳ ನೆಲೆ ಕಾಪಾಡುವ ನಿಯಮ ಹಳೆಯದು. ಅದರಲ್ಲಿ ಅವು ತಿನ್ನುವ ಮರಗಳ ಜಾತಿ ಹತ್ತು ಎಂದಿತ್ತು. 2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಹೊಸ ನಿಯಮ ಆ ಪಟ್ಟಿಯನ್ನು 123ಕ್ಕೆ ಏರಿಸಿತು. ತಮ್ಮ ಜಮೀನಿನ ಮರಗಳೆಲ್ಲ ಪಟ್ಟಿಗೆ ಸೇರಿ, ಬೇಲಿ ಹಾಕುವುದಕ್ಕೂ ಶೆಡ್ ಕಟ್ಟುವುದಕ್ಕೂ ಅನುಮತಿ ಕೇಳುವ ಪಾಡು ಬರುತ್ತದೆ ಎಂದು ರೈತರು ಹೆದರಿದರು. ಅತ್ತ ಹಿಂದಿನ ಬೇಸಿಗೆಯ ಕಾಡ್ಗಿಚ್ಚಿನಲ್ಲಿ ಕೋಆಲಾಗಳು ಅಪಾರವಾಗಿ ಸತ್ತಿದ್ದವು. ಹೀಗೇ ಬಿಟ್ಟರೆ 2050ರೊಳಗೆ ಈ ರಾಜ್ಯದಲ್ಲಿ ಅವು ಅಳಿಯುತ್ತವೆ ಎಂದು ಮೇಲ್ಮನೆಯ ಸಮಿತಿ ಜೂನ್‌ನಲ್ಲಿ ವರದಿ ಕೊಟ್ಟಿತ್ತು. ಎರಡೂ ಕಡೆಯ ಭಯ ನಿಜವಾದದ್ದು.

ಜಗಳದ ಬೇರು ಖಾತೆಯಲ್ಲಿತ್ತು. ಕೃಷಿ ಖಾತೆ ನ್ಯಾಷನಲ್ ಪಕ್ಷದ ಆಡಂ ಮಾರ್ಷಲ್ ಅವರದು. ಆದರೆ ಈ ನಿಯಮ ಹೊರಟದ್ದು ಯೋಜನಾ ಖಾತೆಯಿಂದ, ಅಲ್ಲಿ ಮಂತ್ರಿ ಸ್ಟೋಕ್ಸ್. ಪರಿಸರ ಮಂತ್ರಿ ಮ್ಯಾಟ್ ಕೀನ್. ಇಬ್ಬರೂ ಲಿಬರಲ್, ಇಬ್ಬರೂ ಸಿಡ್ನಿಯ ಕ್ಷೇತ್ರಗಳವರು. ನಿಯಮ ಒಂದು ಪಕ್ಷದ ಕೈಯಲ್ಲಿ, ಅದು ಅನ್ವಯವಾಗುವ ಜಮೀನು ಇನ್ನೊಂದು ಪಕ್ಷದ ಮತದಾರರದು.

ಸೆಪ್ಟೆಂಬರ್ 10ರಂದು ಬರಿಲಾರೊ ಒಂದು ಘೋಷಣೆ ಮಾಡಿದರು: ನ್ಯಾಷನಲ್ ಶಾಸಕರು ಇನ್ನು ಸರ್ಕಾರದ ಮಸೂದೆಗಳಿಗೆ ಕಟ್ಟುಬೀಳದೆ ಪ್ರತ್ಯೇಕವಾಗಿ ಕೂರುತ್ತಾರೆ, ಮಂತ್ರಿಗಳು ಮಾತ್ರ ಮಂತ್ರಿಗಳಾಗಿಯೇ ಇರುತ್ತಾರೆ. ಅಂದು ಸಂಜೆ ಬೆರೆಜಿಕ್ಲಿಯನ್ ಲಿಖಿತವಾಗಿ ಉತ್ತರ ಕೊಟ್ಟರು. ಎರಡೂ ಆಗುವುದಿಲ್ಲ. ಮರುದಿನ ಬೆಳಿಗ್ಗೆ 9ರೊಳಗೆ ಸಂಪುಟಕ್ಕೆ ಬದ್ಧರಾಗಿರಿ, ಇಲ್ಲವಾದರೆ ರಾಜ್ಯಪಾಲರ ಭವನಕ್ಕೆ ಹೋಗಿ ಹೊಸ ಮಂತ್ರಿಮಂಡಲಕ್ಕೆ ಪ್ರಮಾಣ ವಚನ ಮಾಡಿಸುತ್ತೇನೆ. ಆಗ ಅವರ ಬಳಿ ಇದ್ದದ್ದು 35 ಲಿಬರಲ್ ಶಾಸಕರು, 93ರಲ್ಲಿ. ಆ ಲೆಕ್ಕ ಗೊತ್ತಿದ್ದೂ ಅವರು ಹಾಗೆ ಹೇಳಿದರು. ಬೆಳಿಗ್ಗೆ ಬರಿಲಾರೊ ಹಿಂದೆ ಸರಿದರು.

ನನ್ನ ಕೆಲಸ ರೈತರ ಜೊತೆಗೆ, ಅವರ ಕಷ್ಟ ನನಗೆ ಗೊತ್ತು. ಆದರೂ ಅಂದು ಪ್ರೀಮಿಯರ್ ಹೇಳಿದ್ದೇ ಸರಿ. ಸಂಪುಟದಲ್ಲಿ ಕುಳಿತವರು ಒಳಗೆ ಎಷ್ಟು ಬೇಕಾದರೂ ಜಗಳ ಆಡಲಿ, ಹೊರಗೆ ಬಂದ ಮೇಲೆ ತೀರ್ಮಾನ ಎಲ್ಲರದು. ಸಂಬಳ, ಕಾರು, ಸಿಬ್ಬಂದಿ ಇಟ್ಟುಕೊಂಡು ಸರ್ಕಾರಕ್ಕೆ ಹೊರಗಿನವರಾಗಲು ಬರುವುದಿಲ್ಲ. ಬರಿಲಾರೊಗೆ ನಿಯಮ ಬದಲಿಸಬೇಕೆಂದಿದ್ದರೆ 2019ರಲ್ಲಿ ಖಾತೆ ಹಂಚುವಾಗ ಯೋಜನಾ ಖಾತೆಯ ಈ ಭಾಗದಲ್ಲಿ ಪಾಲು ಕೇಳಬೇಕಿತ್ತು.

ಮುಗಿಯಲಿಲ್ಲ. ನವೆಂಬರ್‌ನಲ್ಲಿ ರೈತರಿಗೆ ಸಡಿಲಿಕೆ ಕೊಡುವ ಮಸೂದೆ ಮೇಲ್ಮನೆಗೆ ಬಂದಾಗ ಲಿಬರಲ್ ಸದಸ್ಯೆ ಕ್ಯಾಥರೀನ್ ಕ್ಯೂಸಾಕ್ ಸರ್ಕಾರದ ವಿರುದ್ಧ ಮತ ಹಾಕಿದರು. ಅವರು ಸಂಸದೀಯ ಕಾರ್ಯದರ್ಶಿ ಸ್ಥಾನ ಕಳೆದುಕೊಂಡರು, ಮಸೂದೆಯೂ ಬಿತ್ತು.

ಪ್ರಶ್ನೆ: ಆ ಗಲಾಟೆಯಲ್ಲಿ ನ್ಯಾಷನಲ್ ಶಾಸಕಿಯೊಬ್ಬರು ಲಿಬರಲ್ ಪಕ್ಷಕ್ಕೆ ಹೋದರಂತೆ. ಅವರ ಸದಸ್ಯತ್ವ ರದ್ದಾಗಲಿಲ್ಲವೇ?
— ಬೆಳಗಾವಿಯ ಕಾನೂನು ವಿದ್ಯಾರ್ಥಿ

ಉತ್ತರ: ಇಲ್ಲ. ಪೋರ್ಟ್ ಮಕ್ವಾರಿಯ ಲೆಸ್ಲಿ ವಿಲಿಯಮ್ಸ್, ಅದೇ ಸೆಪ್ಟೆಂಬರ್‌ನಲ್ಲಿ. ನಮ್ಮ ಸಂವಿಧಾನದ ಹತ್ತನೇ ಅನುಸೂಚಿಯಂಥ ಪಕ್ಷಾಂತರ ತಡೆ ಕಾನೂನು ಅಲ್ಲಿಲ್ಲ. ಮೈತ್ರಿಯ ಒಟ್ಟು ಲೆಕ್ಕ 48ರಲ್ಲೇ ಉಳಿಯಿತು, ಒಳಗಿನ ಲೆಕ್ಕ 36–12 ಆಯಿತು.

ಪ್ರಶ್ನೆ: ಸಂಪುಟ ಪುನಾರಚನೆ ಆದ ಮರುದಿನ ನಿಮ್ಮಂಥ ನೌಕರರಿಗೆ ಏನು ಬದಲಾಗುತ್ತದೆ?
— ಧಾರವಾಡದಿಂದ ಕೃಷಿ ಇಲಾಖೆಯ ಸಹಾಯಕ ನಿರ್ದೇಶಕರು

ಉತ್ತರ: ಪ್ರಮಾಣ ವಚನದ ಜೊತೆಯಲ್ಲೇ ಆಡಳಿತ ವ್ಯವಸ್ಥೆಯ ಆದೇಶ ಹೊರಡುತ್ತದೆ. ಯಾವ ಕಾಯ್ದೆ ಯಾವ ಮಂತ್ರಿಗೆ, ಯಾವ ಕಚೇರಿ ಯಾವ ಇಲಾಖೆಗೆ ಎಂಬ ಪಟ್ಟಿ. ಪತ್ರಿಕೆಗಳು ಮಂತ್ರಿಗಳ ಫೋಟೊ ಹಾಕುವ ಹೊತ್ತಿಗೆ ನಾವು ಈ ಪಟ್ಟಿಯಲ್ಲಿ ನಮ್ಮ ಸಾಲನ್ನು ಹುಡುಕುತ್ತಿದ್ದೆವು. ಹೊಸ ಮಂತ್ರಿಗೆ ಕೊಡುವ ಕಡತ ಮೊದಲೇ ಸಿದ್ಧ ಇರುತ್ತಿತ್ತು: ನಮ್ಮ ಕೈಯಲ್ಲಿರುವ ಕೆಲಸ, ತೀರ್ಮಾನ ಬಾಕಿ ಇರುವ ವಿಷಯ, ಮೊದಲ ತಿಂಗಳಲ್ಲಿ ಬೆಂಕಿ ಹತ್ತಬಹುದಾದ ವಿಷಯ. ನನ್ನ ಪಾಲಿಗೆ ಬರುತ್ತಿದ್ದದ್ದು ಮಣ್ಣಿನ ಆಮ್ಲತೆ ಮತ್ತು ಸುಣ್ಣದ ಬಳಕೆಯ ಅರ್ಧ ಪುಟ. ಅದೇ ಅರ್ಧ ಪುಟವನ್ನು ಪ್ರತಿ ಹೊಸ ಮಂತ್ರಿಗೂ ಹೊಸದಾಗಿ ಬರೆಯುತ್ತಿದ್ದೆ. ಕುರಿ ಸಾಕಿದವರು ಬಂದರೆ ಒಂದು ಥರ, ವಕೀಲರು ಬಂದರೆ ಇನ್ನೊಂದು ಥರ.

ದೊಡ್ಡ ಬದಲಾವಣೆ ಎಂದರೆ ಖಾತೆಯನ್ನೇ ಸೀಳುವುದು ಅಥವಾ ಕೂಡಿಸುವುದು. 2011ರಲ್ಲಿ ಸಾರಿಗೆ ಲಿಬರಲ್ ಬಳಿ, ರಸ್ತೆ ನ್ಯಾಷನಲ್ ಬಳಿ. 2019ರಲ್ಲಿ ಬೇರೆ ರೀತಿ ಸೀಳಿದರು: ಸಾರಿಗೆ ಮತ್ತು ರಸ್ತೆ ಕಾನ್ಸ್‌ಟನ್ಸ್ ಅವರಿಗೆ, ಪ್ರಾದೇಶಿಕ ಸಾರಿಗೆ ಮತ್ತು ರಸ್ತೆ ಟೂಲ್ ಅವರಿಗೆ. ಸಿಡ್ನಿಯಿಂದ ಹೊರಟು ಬ್ಲೂ ಮೌಂಟನ್ಸ್ ಹತ್ತಿ ಬ್ಯಾಥರ್ಸ್ಟ್‌ಗೆ ಬರುವ ಗ್ರೇಟ್ ವೆಸ್ಟರ್ನ್ ಹೆದ್ದಾರಿ ಒಂದೇ, ಅದನ್ನು ನೋಡಿಕೊಳ್ಳುವ ಮಂತ್ರಿಗಳು ಇಬ್ಬರಾದರು. ಟೂಲ್ ಅವರ ಕ್ಷೇತ್ರ ಬ್ಯಾಥರ್ಸ್ಟ್. 2020ರ ಏಪ್ರಿಲ್‌ನಲ್ಲಿ ಪ್ರಾದೇಶಿಕ ನ್ಯೂ ಸೌತ್ ವೇಲ್ಸ್‌ಗೆ ಪ್ರತ್ಯೇಕ ಇಲಾಖೆಯೇ ಹುಟ್ಟಿತು, ನಮ್ಮ ಕೃಷಿ ವಿಭಾಗ ಅದರಡಿಗೆ ಬಂತು.

ಆದರೆ ಒಂದು ಖಾತೆಯನ್ನು ಮಾತ್ರ ನ್ಯಾಷನಲ್ ಹನ್ನೆರಡು ವರ್ಷವೂ ಬಿಡಲಿಲ್ಲ: ನೀರು. 2014ರಲ್ಲಿ ಹಂಫ್ರೀಸ್, 2015ರಿಂದ ನಯಾಲ್ ಬ್ಲೇರ್, 2019ರಲ್ಲಿ ಮೆಲಿಂಡಾ ಪೇವಿ, 2021ರ ಕೊನೆಗೆ ಕೆವಿನ್ ಆಂಡರ್ಸನ್. ಹೆಸರು ಬದಲಾಯಿತು, ಪಕ್ಷ ಬದಲಾಗಲಿಲ್ಲ. ಡಾರ್ಲಿಂಗ್ ನದಿಯ ಮೇಲ್ಭಾಗದಲ್ಲಿ ಹತ್ತಿ ಬೆಳೆಯುವವರು, ಕೆಳಭಾಗದಲ್ಲಿ ಕುಡಿಯುವ ನೀರಿಗೆ ಕಾಯುವ ಊರುಗಳು. ಇಬ್ಬರೂ ಅದೇ ಪಕ್ಷಕ್ಕೆ ಮತ ಹಾಕುತ್ತಿದ್ದವರು. 2018–19ರ ಬೇಸಿಗೆಯಲ್ಲಿ ಮೆನಿಂಡಿಯಲ್ಲಿ ಲಕ್ಷಗಟ್ಟಲೆ ಮೀನುಗಳು ಸತ್ತು ತೇಲಿದವು. ಕೆಲವೇ ವಾರಗಳ ನಂತರ ನಡೆದ ಚುನಾವಣೆಯಲ್ಲಿ ಮೆನಿಂಡಿ ಸೇರಿದ ಬಾರ್ವನ್ ಕ್ಷೇತ್ರ, ರಾಜ್ಯದ ವಿಸ್ತೀರ್ಣದಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಇರುವ ಕ್ಷೇತ್ರ, ನ್ಯಾಷನಲ್ ಕೈತಪ್ಪಿತು. ಖಾತೆ ಹಿಡಿದವರೇ ಹೊಣೆಯನ್ನೂ ಹೊತ್ತರು. ಅದು ನ್ಯಾಯ.

ಪ್ರಶ್ನೆ: ಎರಡು ಪಕ್ಷಗಳ ನಡುವಿನ ಒಪ್ಪಂದವನ್ನು ಎಲ್ಲಿ ಓದಬಹುದು? ಬೇರೆ ರಾಜ್ಯಗಳಲ್ಲೂ ಹೀಗೆಯೇ?
— ಮೈಸೂರಿನ ಪತ್ರಿಕೋದ್ಯಮ ವಿದ್ಯಾರ್ಥಿನಿ

ಉತ್ತರ: ಇಂಥ ಒಪ್ಪಂದಗಳನ್ನು ಗುಟ್ಟಾಗಿಡುವುದೇ ಆ ದೇಶದ ಮೈತ್ರಿಗಳ ಹಳೆಯ ಚಾಳಿ. 2015ರಲ್ಲಿ ಫೆಡರಲ್ ಮಟ್ಟದಲ್ಲಿ ಮಾಲ್ಕಂ ಟರ್ನ್‌ಬುಲ್ ಪ್ರಧಾನಿಯಾದಾಗ ನ್ಯಾಷನಲ್ ಜೊತೆ ಹೊಸ ಒಪ್ಪಂದ ಮಾಡಿಕೊಂಡರು, ನೀರಿನ ಹೊಣೆ ಕೃಷಿ ಮಂತ್ರಿ ಬಾರ್ನಬಿ ಜಾಯ್ಸ್ ಅವರ ಕೈಗೆ ಹೋಯಿತು. ಆ ಬದಲಾವಣೆ ಎಲ್ಲರಿಗೂ ಕಂಡಿತು, ಒಪ್ಪಂದದ ಪತ್ರವನ್ನು ಮಾತ್ರ ಸರ್ಕಾರ ಪ್ರಕಟಿಸಲಿಲ್ಲ. ಇದು ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ನದಿಯ ನೀರು ಯಾವ ಪಕ್ಷದ ಮಂತ್ರಿಯ ಕೈಗೆ ಹೋಗಬೇಕೆಂದು ಇಬ್ಬರು ನಾಯಕರು ಬರೆದುಕೊಂಡ ಕಾಗದ ಪಕ್ಷಗಳ ಆಸ್ತಿಯಲ್ಲ. ಪ್ರಮಾಣ ವಚನದ ದಿನವೇ ಅದನ್ನು ಸದನದಲ್ಲಿ ಮಂಡಿಸಬೇಕು ಎಂಬ ಕಾನೂನು ಬರಬೇಕು. ನಮ್ಮ ಶಾಸಕರಿಗೂ ಇದನ್ನೇ ಬರೆದಿದ್ದೇನೆ.

ಬೇರೆ ರಾಜ್ಯಗಳಲ್ಲಿ ಬೇರೆ ದಾರಿಗಳಿವೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2008ರಲ್ಲಿ ಎರಡೂ ಪಕ್ಷಗಳು ಒಂದಾಗಿಬಿಟ್ಟವು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಅದೇ ವರ್ಷ ಬ್ರೆಂಡನ್ ಗ್ರಿಲ್ಸ್ ಎಂಬ ನ್ಯಾಷನಲ್ ನಾಯಕ ಎರಡೂ ದೊಡ್ಡ ಪಕ್ಷಗಳ ಜೊತೆ ಮಾತಾಡಿ, ಗಣಿ ರಾಜಧನದ ನಾಲ್ಕನೇ ಒಂದು ಪಾಲು ಹಳ್ಳಿಗಾಡಿಗೆ ಎಂಬ ಷರತ್ತಿನ ಮೇಲೆ ಲಿಬರಲ್ ಕಡೆಗೆ ಹೋದರು. ಷರತ್ತು ಎಲ್ಲರಿಗೂ ಗೊತ್ತಿತ್ತು, ಮತದಾರರು ಅದನ್ನು ಹಿಡಿದು ಕೇಳಬಹುದಿತ್ತು. ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕಾರ್ಲೀನ್ ಮೇವಾಲ್ಡ್ ಎಂಬ ನ್ಯಾಷನಲ್ ಶಾಸಕಿ 2004ರಲ್ಲಿ ಲೇಬರ್ ಸರ್ಕಾರದಲ್ಲೇ ಮಂತ್ರಿಯಾಗಿ ಮರ್ರಿ ನದಿಯ ಖಾತೆ ಹಿಡಿದರು. ಆ ನದಿಯ ದಂಡೆಯ ಊರುಗಳ ಪ್ರತಿನಿಧಿ ಅವರು.

ಪ್ರಶ್ನೆ: ನನ್ನ ಮಗಳು ಸಿಡ್ನಿಯ ಪ್ಯಾರಮಟ್ಟಾದಲ್ಲಿದ್ದಾಳೆ, ಈಚೆಗೆ ಅಲ್ಲಿಯ ಪೌರತ್ವ ಸಿಕ್ಕಿದೆ. ಈ ಖಾತೆಗಳ ಲೆಕ್ಕದಲ್ಲಿ ಅವಳ ಮತಕ್ಕೆ ಏನಾದರೂ ಬೆಲೆ ಇದೆಯೇ?
— ಶಿವಮೊಗ್ಗದ ತಾಯಿಯೊಬ್ಬರು

ಉತ್ತರ: ಇದೆ ಅಮ್ಮ, ಮತ ಹಾಕುವುದು ಅಲ್ಲಿ ಕಡ್ಡಾಯ ಕೂಡ. ಅವಳಿಗೆ ಎರಡು ಮತಪತ್ರ ಸಿಗುತ್ತವೆ. ಚಿಕ್ಕದು ಕೆಳಮನೆಗೆ. ಸಿಡ್ನಿ ನಗರದೊಳಗಿನ ಕ್ಷೇತ್ರಗಳಲ್ಲಿ ಮೈತ್ರಿಯ ಪರವಾಗಿ ನಿಲ್ಲುವುದು ಲಿಬರಲ್ ಅಭ್ಯರ್ಥಿ, ಆದ್ದರಿಂದ ಅದರಲ್ಲಿ ನ್ಯಾಷನಲ್ ಹೆಸರು ಕಾಣುವುದಿಲ್ಲ. ದೊಡ್ಡ ಪತ್ರ ಮೇಲ್ಮನೆಗೆ. ಅಲ್ಲಿ ಇಡೀ ರಾಜ್ಯವೇ ಒಂದು ಕ್ಷೇತ್ರ. ಒಟ್ಟು 42 ಸ್ಥಾನಗಳಲ್ಲಿ ಪ್ರತಿ ಸಲ 21ಕ್ಕೆ ಚುನಾವಣೆ. ಅದಕ್ಕೆ ಲಿಬರಲ್ ಮತ್ತು ನ್ಯಾಷನಲ್ ಸೇರಿ ಒಂದೇ ಪಟ್ಟಿ ಕೊಡುತ್ತವೆ, ಎರಡೂ ಪಕ್ಷಗಳ ಹೆಸರುಗಳು ಅದರಲ್ಲಿ ಬೆರೆತಿರುತ್ತವೆ. ರಸ್ತೆ ಖಾತೆಯ ಡಂಕನ್ ಗೇ, ನೀರಿನ ನಯಾಲ್ ಬ್ಲೇರ್, ಶಿಕ್ಷಣದ ಸಾರಾ ಮಿಚೆಲ್ ಮೂವರೂ ಹಾಗೆ ಮೇಲ್ಮನೆಯಿಂದ ಬಂದು ಮಂತ್ರಿಯಾದ ನ್ಯಾಷನಲ್ ಸದಸ್ಯರು. ಪ್ಯಾರಮಟ್ಟಾದ ಮತಗಳೂ ಅವರನ್ನು ಅಲ್ಲಿಗೆ ಕಳಿಸಿವೆ. ಮಗಳಿಗೆ ಹೇಳಿ, ಆ ದೊಡ್ಡ ಪತ್ರದ ಮೇಲಿನ ಸಾಲಿನಲ್ಲಿ ಒಂದು ಅಂಕಿ ಬರೆದು ಬರುವ ಮೊದಲು ಕೆಳಗಿನ ಹೆಸರುಗಳನ್ನು ಒಮ್ಮೆ ಓದಲಿ. ನಾಳೆ ಅವಳ ಮಕ್ಕಳ ಶಾಲೆಯ ಮಂತ್ರಿ ಅದರಲ್ಲಿ ಇರಬಹುದು.